ಕತ್ತಿ ಕೆಳಗಿಟ್ಟು ಆಡಿದ ಮಾತು

ಬೆಟಗೇರಿ, ಏಳನೇ ಅಟ್ಟ
ಫೆಬ್ರವರಿ ಮೂವತ್ತು, 2391

ಸನ್ಮಾನ್ಯ ಪೂರ್ವಿಕರೇ,

ತಾರೀಕು ನೋಡಿ ಕಣ್ಣುಜ್ಜಿಕೊಳ್ಳಬೇಡಿ. ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ನಮ್ಮಲ್ಲಿ ಕಾನೂನಾಗಿ, ಫೆಬ್ರವರಿಯ ಬಹುಕಾಲದ ಅಳಲು ತೀರಿದೆ. ನನ್ನ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದ ಒಂದೆರಡು ಪದ ನುಸುಳಿದರೆ ಕ್ಷಮಿಸಿ. ನಿಮ್ಮ ಕನ್ನಡ ಓದುವಾಗ ನಾವೂ ಕ್ಷಮಿಸುತ್ತಲೇ ಬಂದಿದ್ದೇವೆ.

ನಾನು ಫಿಲೆಮೋನಪ್ಪ, ಕ್ಷೌರಿಕ. ನಮ್ಮೂರು ಈಗ ಒಂದರ ಮೇಲೊಂದು ಒಂಬತ್ತು ಅಟ್ಟಗಳಾಗಿ ನಿಂತಿದೆ. ಅವುಗಳ ಪೈಕಿ ಎಂಟು ಅಟ್ಟಗಳಲ್ಲಿ ಯಂತ್ರವೇ ಗಡ್ಡ ಹೆರೆಯುತ್ತದೆ. ಏಳನೆಯದರಲ್ಲಿ ಮಾತ್ರ ಮನುಷ್ಯ ಉಳಿದಿದ್ದಾನೆ, ಏಕೆಂದರೆ ಗಲ್ಲಕ್ಕೆ ನೊರೆ ಹಚ್ಚುತ್ತ "ಮಗಳ ಕೆಮ್ಮು ಹೆಂಗೈತ್ರಿ?" ಎಂದು ಕೇಳಲು ಆ ಯಂತ್ರಕ್ಕೆ ಇನ್ನೂ ಬಂದಿಲ್ಲ.

ನಮ್ಮೆಲ್ಲರ ಮಣಿಕಟ್ಟಿನಲ್ಲಿ 'ನಾಚಿಕೆಗಂಟೆ' ಎಂಬ ಬಳೆಯಿದೆ. ಮನಸಾರೆ ನಂಬಿದ್ದನ್ನು ನಾಲ್ಕು ಜನರೆದುರು ಹೇಳಿದೊಡನೆ ಅದು ಟಿಣ್ ಎನ್ನುತ್ತದೆ. ಸೆಕೆ, ಮಂಡಿನೋವು, ಬೀಗರ ಮೇಲಿನ ದೂರು ಇವನ್ನು ದಿನವಿಡೀ ಆಡಿದರೂ ಮಿಸುಕುವುದಿಲ್ಲ. ಇದನ್ನು ತೊಡಿಸಿದ 'ನೆಮ್ಮದಿ ಮಂಡಳಿ'ಯ ಪ್ರಕಾರ ಇದು ಹೊಸ ಕಟ್ಟಳೆಯೇ ಅಲ್ಲ, ಪೂರ್ವಿಕರ ಸಂಪ್ರದಾಯ. ನಿಮ್ಮ ಕಾಲದ ಕ್ರೈಸ್ತರು ಭಾನುವಾರ ಎರಡು ತಾಸು ಗಂಟಲು ಹರಿಯುವಂತೆ ಹಾಡಿ, ಸೋಮವಾರ ಕಚೇರಿಯಲ್ಲಿ ಪಕ್ಕದ ಮೇಜಿನವನೆದುರು ಯೇಸುವಿನ ಹೆಸರೆತ್ತಲು ಬೆವರುತ್ತಿದ್ದರಂತೆ. ಗಂಟೆಯೇ ಇಲ್ಲದೆ, ಬರಿಗೈಯಲ್ಲಿ, ಅಷ್ಟೊಂದು ನಾಚಿದ ನಿಮ್ಮ ಸಾಧನೆಗೆ ನಮ್ಮ ಇಂಜಿನಿಯರುಗಳು ಇಂದಿಗೂ ತಲೆಬಾಗುತ್ತಾರೆ.

ನನ್ನ ಗಂಟೆ ದಿನಕ್ಕೆ ಹತ್ತಾರು ಸಲ ಬಡಿಯುತ್ತದೆ. ಆದರೆ ಅಪ್ಪ ಕಲಿಸಿದ ಒಂದು ನೇಮವನ್ನು ನಾನು ಮುರಿದಿಲ್ಲ: ಯೇಸುವಿನ ಮಾತು ತೆಗೆಯುವ ಮುಂಚೆ ಕತ್ತಿ ಕೆಳಗಿಡಬೇಕು. ಕೊರಳ ಮೇಲೆ ಕತ್ತಿಯಿದ್ದಾಗ ಗಿರಾಕಿ ಯಾವ ದೇವರನ್ನಾದರೂ ಒಪ್ಪಿಕೊಳ್ಳುತ್ತಾನೆ. ಅಂಥ ಒಪ್ಪಿಗೆ ಯೇಸುವಿಗೂ ಬೇಡ, ನನಗೂ ಬೇಡ. ಬಟ್ಟಲಿನಲ್ಲಿ ಕತ್ತಿ ಟಕ್ ಎಂದರೆ ನನ್ನ ಗಿರಾಕಿಗಳಿಗೆ ಅರ್ಥವಾಗುತ್ತದೆ. ಬೇಡವಾದವರು "ಇವತ್ತ ಬ್ಯಾಡೋ ಮಾರಾಯಾ" ಎನ್ನುತ್ತಾರೆ, ನಾನು ಮತ್ತೆ ಕತ್ತಿ ಹಿಡಿಯುತ್ತೇನೆ. ಉಳಿದವರಿಗೆ ಹೇಳುತ್ತೇನೆ: ನಮ್ಮ ಗುರು ಹೆಚ್ಚುಕಡಿಮೆ ನಮ್ಮ ಕಸುಬಿನವನೇ. ನಾನು ತಲೆಯಿಂದ ಶುರು ಮಾಡುತ್ತೇನೆ, ಅವನು ಪಾದದಿಂದ ಶುರು ಮಾಡಿದ. ಶಿಷ್ಯರ ಪಾದ ತೊಳೆದ. ತನ್ನನ್ನು ಹಿಡಿದುಕೊಡಲಿದ್ದವನ ಪಾದವನ್ನೂ ಬಿಡಲಿಲ್ಲ.

ಮೊನ್ನೆ ಮಂಡಳಿಯ ಅಧಿಕಾರಿ ನೀಲಾಂಬರಿ ಒಂದು ಮುಚ್ಚಳಿಕೆ ಹಿಡಿದು ಬಂದಳು. ಇನ್ನು ಮುಂದೆ ಅಂಗಡಿಯಲ್ಲಿ ಆ ಮಾತು ಆಡುವುದಿಲ್ಲವೆಂದು ಇವತ್ತಿನೊಳಗೆ ಸಹಿ ಹಾಕಬೇಕು. ಇಲ್ಲವಾದರೆ ಅಂಗಡಿಗೆ ಬೀಗ. ಆಗ ಕುರ್ಚಿಯಲ್ಲಿದ್ದವರು ಚನ್ನವೀರಪ್ಪ, ನನ್ನೊಡನೆ ಹನ್ನೊಂದು ವರ್ಷದಿಂದ ವಾದಿಸುತ್ತ ಬಂದಿರುವ ಹಿರಿಯರು. ಒಂದು ಗಲ್ಲ ನುಣುಪು, ಇನ್ನೊಂದರ ತುಂಬ ನೊರೆ.

"ಅಜ್ಜಾರ, ಇವರ ಕಾಟ ತಡಕೊಳ್ಳಾಕ ಆಗವಲ್ದು ಅಂತ ಬರಕೊಳ್ಳಲೇನ್ರಿ?" ಎಂದಳು ಆಕೆ.

"ಕಾಟ ಖರೇನವಾ. ಆದ್ರ ಕತ್ತಿ ಕೆಳಗಿಟ್ಟ ಮಾತಾಡ್ತಾನ. ನಾ ಎದ್ದು ಹೋಗಬಹುದಿತ್ತು, ಹೋಗಿಲ್ಲ."

"ಅಂದ್ರ ಒಪ್ಪೀರಿ?"

"ಎಲ್ಲೀ ಒಪ್ಪೂದು! ಇವನ ಬಾಯಿ ಮುಚ್ಚಿಸಿದ್ರ ನಾ ಯಾರ ಕೂಡ ಜಗಳಾಡ್ಲಿ?" ಎಂದರು. "ಹ್ವಾದ ವರ್ಷ ನಾ ಹಾಸಿಗಿ ಹಿಡದಾಗ ಮನಿಗೆ ಬಂದು ಗಡ್ಡಾ ತಗದಾ. ಪ್ರಾರ್ಥನಾ ಮಾಡ್ಲ್ಯಾ ಅಂದಾ. ಬ್ಯಾಡ ಅಂದೆ. ಸುಮ್ಮನ ನನ್ನ ಕಾಲು ತೊಳದು ಹ್ವಾದಾ. ಇವನ ದೇವರು ಎಂಥಾವ ಅನ್ನೂದು ಅವತ್ತ ನನಗ ತಿಳೀತು."

ಟಿಣ್.

ಹನ್ನೊಂದು ವರ್ಷದಲ್ಲಿ ಆ ಮಣಿಕಟ್ಟಿನ ಗಂಟೆ ಮೊದಲ ಸಲ ಬಡಿದಿತ್ತು. ಚನ್ನವೀರಪ್ಪನವರು ಅದನ್ನು ಹಾವು ನೋಡಿದಂತೆ ನೋಡಿದರು. "ಏ, ಇದು ಕೆಟ್ಟೈತಿ!"

"ಗಂಟಿ ಬಡದವರ ಪಟ್ಟಿಯೊಳಗ ನಿಮ್ಮ ಹೆಸರೂ ಬರೀಬೇಕಾಗ್ತದ್ರಿ," ಎಂದಳು ನೀಲಾಂಬರಿ.

"ಬರಿಯವಾ. ಹೆಸರು ಉದ್ದ ಐತಿ, ಜಾಗಾ ನೋಡ್ಕೊಂಡ ಬರಿ."

ಆಕೆ ಇವತ್ತು ಮತ್ತೆ ಬರುತ್ತಾಳೆ. ಬೀಗ ಹಾಕಿದರೆ ಕುರ್ಚಿಯನ್ನು ಮೆಟ್ಟಿಲ ಮೇಲೆ ಹಾಕುತ್ತೇನೆ. ಅಲ್ಲಿಂದಲೂ ಎಬ್ಬಿಸಿದರೆ ಮನೆಮನೆಗೆ ಹೋಗುತ್ತೇನೆ. ಗಡ್ಡ ಬೆಳೆಯುವುದನ್ನು ಮಂಡಳಿ ಇನ್ನೂ ನಿಷೇಧಿಸಿಲ್ಲ.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಆ ಪಕ್ಕದ ಮೇಜಿನವನಿಗೆ ಯೇಸುವಿನ ವಿಷಯ ಹೇಳಿ. ಮೊದಲು ನಿಮ್ಮ ಕೈಯ ಕತ್ತಿ ಕೆಳಗಿಡಿ: ಬೆದರಿಕೆ, ಆಮಿಷ, ದೊಡ್ಡಸ್ತಿಕೆ, ಯಾವುದಿದ್ದರೆ ಅದನ್ನು. ಅವನು ಬೇಡವೆಂದರೆ ನಿಲ್ಲಿಸಿ, ಅವನ ಕೆಲಸಕ್ಕೆ ಕೈಜೋಡಿಸಿ. ಆದರೆ ಅವನು ಬಾಯಿ ತೆರೆಯುವ ಮೊದಲೇ ಅವನ ಪರವಾಗಿ ನೀವೇ 'ಬೇಡ' ಎಂದುಕೊಳ್ಳಬೇಡಿ. ನೀವು ಹಾಗೆ ನುಂಗಿದ ಮಾತುಗಳನ್ನೆಲ್ಲ ಕರಗಿಸಿ ನಮಗೆ ಈ ಬಳೆ ಎರಕ ಹೊಯ್ದಿದ್ದಾರೆ.

ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ. ಕತ್ತಿ ಬಟ್ಟಲಿನಲ್ಲಿದೆ. ಮುಚ್ಚಳಿಕೆ ಮೇಜಿನ ಮೇಲೆ ಬಿದ್ದಿದೆ, ಸಹಿಯ ಜಾಗ ಬಿಳಿಯಾಗಿಯೇ ಇದೆ.

ಸಹಿ, ಈ ಕಾಗದಕ್ಕೆ ಮಾತ್ರ,
ಫಿಲೆಮೋನಪ್ಪ