ಕೇಳಿ ತೆಗೆದ ಅಳತೆ

ಫೆಬ್ರವರಿ 6, ಬೆಳಿಗ್ಗೆ

ಬಾತ್‌ರೂಮಿನ ನಲ್ಲಿ ಕೊನೆಗೂ ಸೋರುವುದನ್ನು ನಿಲ್ಲಿಸಿತು. ವಾಷರ್ ನಾನೇ ಕತ್ತರಿಸಿದ್ದು, ವರ್ಕ್‌ಶಾಪಿನ ರಬ್ಬರ್ ಚೂರಿನಿಂದ. ಹಾಸಿಗೆಗೆ ಹೊಸ ಹೊದಿಕೆ. ಪರದೆ ಒಗೆದೆ, ಒಣಗಲಿಲ್ಲ, ಒದ್ದೆಯಾಗಿಯೇ ನೇತುಹಾಕಿದೆ. ಅಕ್ಕ ಭಾವನಿಗೆ ಒಳಗಿನ ರೂಮು. ನನಗೆ ಸೋಫಾ. ಸೋಫಾ ನನಗಿಂತ ಒಂದು ಗೇಣು ಗಿಡ್ಡ... ಕಾಲು ಮಡಚಿದರಾಯಿತು.

ಚಪ್ಪಲಿ ಅಂಗಡಿಯನ್ನು ಮಗನ ಕೈಗೆ ಕೊಟ್ಟು, ಕಾಲು ಊನವಾದವರಿಗೆ ಜೋಡು ಹೊಲಿದುಕೊಡುವ, ಸಂಬಳವಿಲ್ಲದ ಕೆಲಸಕ್ಕೆಂದು ಪರದೇಶಕ್ಕೆ ಹೊರಟಾಗ ನೆಂಟರೆಲ್ಲ ನಕ್ಕಿದ್ದರು. ಜೀವಮಾನದಲ್ಲಿ ಬಿಟ್ಟಿಯಾಗಿ ಒಂದು ಶೂ ಲೇಸ್ ಕೊಟ್ಟವನಲ್ಲ ಇವನು, ಎಂದು. ನಗದವಳು ಅಕ್ಕ ಒಬ್ಬಳೇ. ‘ಬಂದು ನೋಡ್ತೀನಿ’ ಎಂದಿದ್ದಳು. ನಾಳೆ ಬರುತ್ತಾಳೆ.

ಗರಗಸ ರಜೆ ಕೊಟ್ಟಳು. ವರ್ಕ್‌ಶಾಪಿನ ಮೇಲ್ವಿಚಾರಕಿ. ಹೆಸರು ನಾನಿಟ್ಟದ್ದು, ದನಿ ಹಾಗಿದೆ. ಮನಸ್ಸು ಬೆಣ್ಣೆ.

ಫೆಬ್ರವರಿ 7

ಬಂದರು. ಭಾವ ಕೋಟು ಬಿಚ್ಚುವ ಮೊದಲೇ ಇನ್‌ಸ್ಪೆಕ್ಷನ್ ಮುಗಿಸಿದರು.

‘ಸಾಹುಕಾರ್ರ ಬಂಗಲೆ ಚೆನ್ನಾಗಿದೆ. ಸ್ಟೌ ಮುಂದೆ ನಿಂತು ಕೈ ಚಾಚಿದ್ರೆ ಹಾಸಿಗೆ ಸಿಗುತ್ತೆ.’

‘ನಿಮಗೇ ಅನುಕೂಲ ಭಾವ. ಮಲಗಿದಲ್ಲಿಗೇ ಕಾಫಿ.’

‘ಬಾಯಿ ಮಾತ್ರ ಸೊರಗಿಲ್ಲ. ಭಾಷೆ ಬರದ ಊರಲ್ಲಿ ಯಾರ ಹತ್ರ ಆಡ್ತೀಯ?’

‘ಎಲ್ಲರ ಹತ್ರಾನೂ. ಅರ್ಥ ಆಗಲ್ಲ ಅವರಿಗೆ, ಅದಕ್ಕೇ ಎದುರು ಮಾತಾಡಲ್ಲ.’

ಅಕ್ಕ ಕೆನ್ನೆ ಸವರಿ, ‘ಇಳಿದು ಹೋಗಿದೀಯ ಕಣೋ’ ಎಂದಳು. ಬಂದ ಮೇಲೆ ಬೆಲ್ಟನ್ನು ಸಡಿಲ ಮಾಡಿಕೊಂಡವನು ನಾನು. ಅಕ್ಕನ ಕಣ್ಣಿನ ತಕ್ಕಡಿಯೇ ಬೇರೆ.

ಮೂರನೇ ಮಹಡಿ, ಲಿಫ್ಟ್ ಇಲ್ಲ. ಸೂಟ್‌ಕೇಸ್ ಹೊತ್ತು ಮುಂದೆ ನಡೆದೆ, ತಿರುಗಿ ನೋಡಲಿಲ್ಲ. ನಮ್ಮ ಮನೆಯ ಪದ್ಧತಿ ಅದು. ಅಕ್ಕನ ಎಡಗಾಲು ಗಿಡ್ಡ, ಕೂಸಾಗಿದ್ದಾಗ ಜ್ವರ ಬಂದು ಹಾಗಾದದ್ದು. ಆ ಮಾತನ್ನು ಯಾರೂ ಎತ್ತುವುದಿಲ್ಲ. ನನ್ನನ್ನು ಎತ್ತಿ ಬೆಳೆಸಿದ್ದು ಆ ಸೊಂಟವೇ, ಬಲಗಡೆಯದು.

ಫೆಬ್ರವರಿ 9

ಮನೆಯಲ್ಲಿ ಒಗ್ಗರಣೆ ವಾಸನೆ. ಕೆಳಗಿನ ಮನೆಯವಳು ಮೆಟ್ಟಿಲಲ್ಲಿ ನಿಂತು ಮೂಗು ಅರಳಿಸಿದಳು. ಅಕ್ಕ ಒಂದು ಬಟ್ಟಲು ತುಂಬಿ ಕೊಟ್ಟಳು. ಇಷ್ಟು ದಿನದಲ್ಲಿ ನನ್ನತ್ತ ತಲೆ ಆಡಿಸಿದ್ದೇ ಹೆಚ್ಚು ಆಕೆ — ಇವತ್ತು ಅಕ್ಕನ ಕೈ ಹಿಡಿದುಕೊಂಡು ಅರ್ಧ ಗಂಟೆ ಮಾತು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು.

ಒಂದು ಯೋಚನೆ ಹೊಕ್ಕಿದೆ. ಊರಿನಲ್ಲಿ ನಾನು ಮಾರಿದ್ದು ಸಮ ಕಾಲಿನವರಿಗೆ. ಗಿಡ್ಡ ಕಾಲಿನ ಶೂಗೆ ಅಡಿಯಲ್ಲಿ ಪದರ ಪದರವಾಗಿ ರಬ್ಬರ್ ಕೂಡಿಸಿ ಎತ್ತರ ಕೊಡುವುದು ಇಲ್ಲಿ ಕಲಿತದ್ದು. ಯಾರು ಯಾರಿಗೋ ಮಾಡಿಕೊಟ್ಟೆ. ಮನೆಯಲ್ಲೇ ಇರುವ ಕಾಲಿಗೆ?

ಕೇಳಿದರೆ ಬೇಡ ಎನ್ನುತ್ತಾಳೆ. ಹಾಗಾಗಿ ಕೇಳುವುದಿಲ್ಲ.

ಸಿಂಕಿನ ಮುಂದೆ ಸೆರಗು ಸಿಕ್ಕಿಸಿ, ಸೀರೆ ಸ್ವಲ್ಪ ಮೇಲೆತ್ತಿಕೊಂಡು ನಿಂತಿರುತ್ತಾಳೆ. ಎಡ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಎಷ್ಟು ಎತ್ತರ ಬೇಕೆಂದು ದೂರದಿಂದಲೇ ಪಕ್ಕದ ಗೋಡೆಯ ಟೈಲ್ಸ್ ಗೆರೆಗೆ ಹಿಡಿದು ನೋಡಿದೆ. ಅಗಲ ಉದ್ದಕ್ಕೆ ಬಾಗಿಲ ಬಳಿ ಬಿಟ್ಟ ಚಪ್ಪಲಿ ಇದ್ದೇ ಇದೆ. ಕಣ್ಣಳತೆಯಲ್ಲೇ ಅಂಗಡಿ ಕಟ್ಟಿದವನು ನಾನು. ತಪ್ಪುವುದಿಲ್ಲ.

ಫೆಬ್ರವರಿ 12, ರಾತ್ರಿ

ಆಯಿತು. ಅಕ್ಕನ ಜೋಡು: ಕಂದು ಚರ್ಮ, ಒಳಗೆ ಮೆತ್ತನೆಯ ಬಟ್ಟೆ. ಎಡಗಡೆಯ ಎತ್ತರ ಹೊರಗೆ ಕಾಣದ ಹಾಗೆ ಅಂಚು ಮುಚ್ಚಿದ್ದೇನೆ. ಗರಗಸ ತಿರುಗಿಸಿ ಮುರುಗಿಸಿ ನೋಡಿ, ‘ಯಾರಿಗೆ? ಅಳತೆ ಚೀಟಿ ಎಲ್ಲಿ?’ ಎಂದಳು. ಸಿಸ್ಟರ್ ಎಂದೆ. ಚೀಟಿಯ ಮಾತು ಬೆಳೆಯುವ ಮೊದಲೇ ಜೋಡನ್ನು ಚೀಲಕ್ಕೆ ಹಾಕಿಕೊಂಡೆ.

ಊಟದ ನಂತರ ಮುಂದಿಟ್ಟೆ. ಭಾವ ಪೇಪರಿನಿಂದ ತಲೆ ಎತ್ತಿದವರು ಹಾಗೇ ಇಳಿಸಿಕೊಂಡರು. ಅಕ್ಕ ಎಡಗಡೆಯದನ್ನು ಕೈಯಲ್ಲಿ ಹಿಡಿದು ತೂಗಿದಳು.

‘ಹೊಲಿಗೆ ಚೆನ್ನಾಗಿದೆ’ ಎಂದಳು. ಅಷ್ಟೇ. ಎತ್ತಿಕೊಂಡು ಒಳಗೆ ಹೋದಳು.

ಒಪ್ಪಿದ ಹಾಗೆಯೇ ಲೆಕ್ಕ.

ಫೆಬ್ರವರಿ 13

ಬಿದ್ದಳು. ಬೆಳಿಗ್ಗೆ, ಹೊರಗಿನ ಕಾರಿಡಾರಿನಲ್ಲಿ. ನಾವು ಏಳುವ ಮೊದಲು ಒಬ್ಬಳೇ ಹಾಕಿಕೊಂಡು ನಡೆದು ನೋಡಲು ಹೋಗಿದ್ದಾಳೆ. ಕೆಳಗಿನ ಮನೆಯವಳು ಎಬ್ಬಿಸಿ ಕರೆತಂದಳು. ಮೊಣಕಾಲು ತರಚಿದೆ, ಮಣಿಕಟ್ಟು ಊದಿದೆ. ಮೂಳೆಗೆ ಏನೂ ಆಗಿಲ್ಲ, ಕ್ಲಿನಿಕ್‌ನಲ್ಲಿ ತೋರಿಸಿದೆ.

ಗಿಡ್ಡ ಕಾಲಲ್ಲೇ ವರ್ಷಗಟ್ಟಲೆ ನಡೆದವರಿಗೆ ಪೂರ್ತಿ ಎತ್ತರ ಒಮ್ಮೆಲೇ ಕೊಡಬಾರದು. ಸೊಂಟ, ಬೆನ್ನು ತಮ್ಮದೇ ಒಂದು ಹೊಂದಾಣಿಕೆಗೆ ಬಂದಿರುತ್ತವೆ. ಸ್ವಲ್ಪವೇ ಕೊಡು, ಪಳಗಲಿ, ಆಮೇಲೆ ಇನ್ನಷ್ಟು... ಹೊಸದಾಗಿ ಸೇರಿದವರಿಗೆ ದಿನಾ ಇದನ್ನೇ ಹೇಳುವವನು ನಾನು. ಅಕ್ಕನ ವಿಷಯ ಬಂದಾಗ ಎಲ್ಲ ಒಂದೇ ಸಲಕ್ಕೆ ಕೊಟ್ಟುಬಿಡುವ ಆಸೆ.

ಭಾವ ಬೈಯಲಿಲ್ಲ. ಬೈದಿದ್ದರೆ ಮಾತಿಗೆ ಮಾತು ಕೊಡಬಹುದಿತ್ತು.

ಮಣಿಕಟ್ಟಿಗೆ ಐಸ್ ಹಿಡಿದು ಕೂತೆ. ‘ಎತ್ತರ ಜಾಸ್ತಿ ಆಯ್ತು ಅಕ್ಕ. ನನ್ನ ತಪ್ಪು. ಇಳಿಸಿ ಕೊಡ್ತೀನಿ.’

‘ಬಿದ್ದಿದ್ದಕ್ಕೇನೂ ಇಲ್ಲ ಬಿಡೋ. ಎಷ್ಟು ಸಲ ಬಿದ್ದಿಲ್ಲ ನಾನು.’ ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡಳು. ‘ಅಳತೆ ಯಾವಾಗ ತಗೊಂಡೆ?’

‘...ನೀನು ಪಾತ್ರೆ ತೊಳೆಯುವಾಗ.’

‘ಹೂಂ. ಚಿಕ್ಕಂದಿನಿಂದ ಊರೆಲ್ಲ ಕದ್ದು ನೋಡಿದ ಕಾಲು ಇದು. ನೋಡದೇ ಇದ್ದವನು ನೀನೊಬ್ಬ ಅಂದುಕೊಂಡಿದ್ದೆ.’

ಐಸ್ ಕರಗಿ ಸೋಫಾ ಒದ್ದೆ.

ಫೆಬ್ರವರಿ 17

ಮೂರು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಊಟ ಬಡಿಸಿದಳು, ಅಂಗಿಗೆ ಗುಂಡಿ ಹಾಕಿಕೊಟ್ಟಳು, ನಕ್ಕಳು ಕೂಡ. ಪಾತ್ರೆ ತೊಳೆಯುವಾಗ ಮಾತ್ರ ಅಡುಗೆಮನೆಯ ಪರದೆ ಎಳೆದುಕೊಳ್ಳುತ್ತಿದ್ದಳು. ಆ ಪರದೆ ಎಳೆಯುವ ಸದ್ದಿಗೆ ನಾನು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದೆ.

ಇವತ್ತು ಬೆಳಿಗ್ಗೆ, ತಾನಾಗಿಯೇ: ‘ನಿನ್ನ ವರ್ಕ್‌ಶಾಪ್ ನೋಡಬೇಕು. ಅದಕ್ಕೇ ಅಲ್ವಾ ಬಂದಿದ್ದು.’

ಕರೆದುಕೊಂಡು ಹೋದೆ. ಗರಗಸ ಮೂಲೆಯಲ್ಲಿ ಕುರ್ಚಿ ಹಾಕಿಸಿದಳು. ಅಕ್ಕ ಮಧ್ಯಾಹ್ನದವರೆಗೂ ಅಲ್ಲೇ ಕೂತು ನೋಡಿದಳು. ಹೂವಿನಂಗಡಿಯ ಹೆಂಗಸೊಬ್ಬಳು ಬಂದಿದ್ದಳು, ಸಣ್ಣ ವಯಸ್ಸು, ಬಲಗಾಲು ಗಿಡ್ಡ. ನಮ್ಮ ಕ್ರಮ ಹೀಗೆ: ಮುಟ್ಟಲೇ ಎಂದು ಕೇಳಬೇಕು. ತಲೆಯಾಡಿಸಿದ ಮೇಲೆಯೇ ಮುಟ್ಟಬೇಕು. ಬರಿಗಾಲಲ್ಲಿ ನಿಲ್ಲಿಸಿ, ಗಿಡ್ಡ ಕಾಲಿನಡಿ ತೆಳು ಹಲಗೆ ಒಂದೊಂದಾಗಿ ಸೇರಿಸಬೇಕು. ಸಾಕು ಎನ್ನಬೇಕಾದವರು ಅವರು, ನಾವಲ್ಲ.

ಹೂವಿನವಳು ನಾಚಿ ಮುದುಡಿದ್ದಳು. ಅಕ್ಕ ಎದ್ದು ಹೋಗಿ ಅವಳ ಚೀಲ ಹಿಡಿದುಕೊಂಡಳು. ‘ನಿಲ್ಲು ಮಗಾ, ಏನಾಗಲ್ಲ. ಇವನು ನನ್ನ ತಮ್ಮನೇ.’ ಕನ್ನಡದಲ್ಲೇ. ಹುಡುಗಿ ನೆಟ್ಟಗೆ ನಿಂತಳು.

ಟೀ ಹೊತ್ತಿಗೆ ಎಲ್ಲರೂ ಹೊರಗೆ. ನಾವಿಬ್ಬರೇ.

‘ಇಲ್ಲಿ ಎಲ್ಲರನ್ನೂ ಕೇಳಿ ಮುಟ್ತೀಯ.’

‘ಕೆಲಸವೇ ಹಾಗೆ.’

‘ನನ್ನ ಯಾಕೆ ಕೇಳಲಿಲ್ಲ?’

‘ನೀನು ಬೇಡ ಅಂತಿದ್ದೆ.’

‘ಹೌದು, ಅಂತಿದ್ದೆ. ಆಮೇಲೆ?’

‘ಆಮೇಲೆ... ಇನ್ನೊಂದು ಸಲ ಕೇಳ್ತಿದ್ದೆ.’

‘ಹಾಗಾದ್ರೆ ಕೇಳು.’

‘ಅಕ್ಕ, ನಿನ್ನ ಕಾಲಿನ ಅಳತೆ ತಗೊಳ್ಳಲಾ?’

‘ಬೇಡ’ ಎಂದಳು. ಟೀ ಕುಡಿದಳು. ಬಿಸ್ಕತ್ತು ಅದ್ದಿ ತಿಂದಳು. ಲೋಟ ಕೆಳಗಿಟ್ಟಳು.

‘ಎಷ್ಟು ಹೊತ್ತು ಬೇಕೋ ಇನ್ನೊಂದು ಸಲ ಕೇಳೋಕೆ?’

ಕೇಳಿದೆ. ಅಕ್ಕ ಚಪ್ಪಲಿ ಬಿಟ್ಟು, ಸೀರೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದಳು. ನನಗೆ ಇಷ್ಟು ವಯಸ್ಸಾಗಿದೆ — ಆ ಕಾಲನ್ನು ಎದುರಿನಿಂದ ನೋಡಿದ್ದು ಇವತ್ತೇ. ತೆಳ್ಳಗೆ, ಬೆಳ್ಳಗೆ, ಮೀನಖಂಡವೇ ಇಲ್ಲ. ಪಾದ ಮಾತ್ರ ನಮ್ಮಮ್ಮನದೇ.

ಎರಡನೇ ಹಲಗೆಗೇ ‘ಸಾಕು’ ಎಂದಳು.

ಸಾಕು ಎಂದರೆ ಸಾಕು. ಚೀಟಿಯಲ್ಲಿ ಅಷ್ಟೇ ಬರೆದೆ.

ಫೆಬ್ರವರಿ 20, ಬೆಳಿಗ್ಗೆ

ಇವತ್ತು ಸಂಜೆಯ ವಿಮಾನ. ಭಾವ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದಾರೆ.

‘ನಿಮ್ಮಕ್ಕ ಬರುವಾಗ ಒಂದು ಚೀಲ ಮೆಣಸಿನಪುಡಿ ತಂದಳು, ಹೋಗುವಾಗ ಎರಡು ಚೀಲ ಗರ್ವ ತಗೊಂಡು ಹೋಗ್ತಿದಾಳೆ.’

‘ಎಕ್ಸ್‌ಟ್ರಾ ಲಗೇಜ್ ಚಾರ್ಜ್ ಹಾಕ್ತಾರೆ ಭಾವ, ಏರ್‌ಪೋರ್ಟ್ ಬಾಗಿಲಲ್ಲೇ ಹೇಳಿಬಿಡಿ.’

ಹೊಸ ಜೋಡು ನಿನ್ನೆ ಕೊಟ್ಟೆ. ಎತ್ತರ ಕೊಂಚವೇ. ಈ ಸಲ ಭಾವನ ತೋಳು ಹಿಡಿಸಿ, ಒಳಗಿನ ರೂಮಿನಿಂದ ಬಾಲ್ಕನಿವರೆಗೆ ಓಡಾಡಿಸಿದ ಮೇಲೆಯೇ ಹೊರಗೆ ಬಿಟ್ಟದ್ದು. ಊರಿಗೆ ಹೋಗಿ ಪಳಗಿದ ಮೇಲೆ ಇನ್ನೊಂದು ಪದರ ಬೇಕಾದರೆ ಬರೆದು ತಿಳಿಸುತ್ತಾಳಂತೆ. ಬೇಡವಾದರೆ ಸುಮ್ಮನಿರುತ್ತಾಳಂತೆ. ನಾನು ಮಾತ್ರ ಆಗಾಗ ಕೇಳುತ್ತಿರಬೇಕಂತೆ.

ಈಗ ಅಕ್ಕ ಹೊಸ ಜೋಡು ಹಾಕಿಕೊಂಡು, ಕೆಳಗಿನ ಮನೆಯವಳಿಂದ ನಮ್ಮ ಬಟ್ಟಲು ಇಸಿದುಕೊಂಡು, ಹೇಳಿ ಬರಲು ಹೋಗಿದ್ದಾಳೆ. ಯಾರೂ ಜೊತೆಗೆ ಬರಕೂಡದು ಎಂದು ಅಪ್ಪಣೆ. ನಾನು ಈ ಮೇಜಿನ ಮುಂದೆ, ಮೆಟ್ಟಿಲ ಕಡೆ ಕಿವಿ ಕೊಟ್ಟು. ಅಕ್ಕನ ಹೆಜ್ಜೆ ನಿದ್ದೆಯಲ್ಲೂ ಗುರುತು ಹಿಡಿಯಬಲ್ಲೆ: ಒಂದು ಗಟ್ಟಿ, ಒಂದು ಎಳೆದದ್ದು. ಇನ್ನೂ ಕೇಳಿಸಿಲ್ಲ. ಹೊತ್ತಾಯಿತು. ಹೋಗಿ ನೋಡಲೇ ಎಂದರೆ ಭಾವ ಕಣ್ಣಲ್ಲೇ ಕೂರಿಸುತ್ತಾರೆ.

ಯಾರೋ ಹತ್ತಿ ಬರುತ್ತಿದ್ದಾರೆ. ನಿಧಾನ, ಆದರೆ ಒಂದೇ ತೂಕದ ಹೆಜ್ಜೆ. ಗರಗಸ ಬೀಳ್ಕೊಡಲು ಬರುತ್ತೇನೆ ಎಂದಿದ್ದಳು... ಅಲ್ಲ, ಅವಳು ಮೆಟ್ಟಿಲು ನಡುಗಿಸುತ್ತಾಳೆ. ಈ ನಡಿಗೆ ನನಗೆ ಪರಿಚಯವಿಲ್ಲ. ನಮ್ಮ ಬಾಗಿಲ ಹೊರಗೇ ಬಂದು ನಿಂತಿತು. ಒಳಗೆ ಬರಲಿಕ್ಕೆ ಕಾಯುತ್ತಿರುವ ಹಾಗೆ. ಭಾವ ಜಿಪ್ ಬಿಟ್ಟು ನನ್ನ ಮುಖ ನೋಡುತ್ತಿದ್ದಾರೆ —