ತುಂಡಾಗದ ಕೆಂಪು ಗೆರೆ

ಗೆಳೆಯಾ,

ಬೆಟ್ಟದ ರೇಸಿನ ಇಳಿಜಾರಿನಲ್ಲಿ ಸೈಕಲ್ಲಿನ ಹ್ಯಾಂಡಲ್ ತಿರುಗಿ ನಾನು ಬಿದ್ದೆನಲ್ಲ, ಅದರ ಬೋಲ್ಟ್ ಸಡಿಲಿಸಿದವನು ನೀನೇ ಎಂದು ನಾನು ಊರಿಗೆಲ್ಲ ಸಾರಿದೆ. ನೀನು ರೇಸನ್ನೇ ಬಿಟ್ಟು ಹೋದೆ.

ಇವತ್ತು ಆ ಸೈಕಲ್ಲನ್ನು ಅಟ್ಟದಿಂದ ಇಳಿಸಿದೆ. ಬೋಲ್ಟ್ ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ನಾನೊಂದು ಕೆಂಪು ಗೆರೆ ಎಳೆಯುತ್ತಿದ್ದೆ, ನೆನಪಿದೆಯಾ? ಆಮೇಲೆ ಯಾರು ತಿರುಗಿಸಿದರೂ ಗೆರೆ ತುಂಡಾಗಬೇಕು. ಬೋಲ್ಟ್ ಇನ್ನೂ ಸಡಿಲವಾಗಿಯೇ ಇದೆ. ಗೆರೆ ತುಂಡಾಗಿಲ್ಲ.

ನೀನೇ ಮತ್ತೆ ಬಳಿದಿರಬೇಕೆಂದು ಭೂತಗನ್ನಡಿ ಹಿಡಿದು ಹುಡುಕಿದೆ. ಒಂದೇ ಪದರ, ನನ್ನದೇ ಸೊಟ್ಟ ಗೆರೆ. ಬಿಗಿಯುವ ಮೊದಲೇ ಎಳೆದು, ಬಿಗಿಯುವುದನ್ನೇ ಮರೆತಿದ್ದೆ. ಇನ್ನು ಯಾರನ್ನು ಅನುಮಾನಿಸಲಿ?

ಅವತ್ತು ಸ್ಟ್ರೆಚರ್ ಪಕ್ಕದಲ್ಲಿ ನನ್ನ ಕೈ ಹಿಡಿದು ಓಡುತ್ತಾ, "ಮೊದ್ಲು ಆ ಗೆರೆ ನೋಡೋ" ಅಂತಲೇ ಇದ್ದೆ ನೀನು.

ನಾನು ನಿನ್ನ ಬೆರಳುಗಳಲ್ಲಿ ಗ್ರೀಸ್ ಹುಡುಕುತ್ತಿದ್ದೆ.