ಕಾಳವ್ವನ ಕೆರೆಯ ಮೀನುಗಳು

ಗದಗ, ಫೆಬ್ರವರಿ ೩೦, ೨೨೩೧

ಪ್ರೀತಿಯ ಶರಣ್ಯಾ,

ಫೆಬ್ರವರಿಗೆ ಮೂವತ್ತು ದಿನ ಎಲ್ಲಿಂದ ಬಂತೆಂದು ಗಾಬರಿಯಾಗಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಕೊಡುತ್ತಾರೆ. ನಿನಗೆ ತಿಳಿಯದ ಮಾತುಗಳು ನಡುವೆ ಬಂದರೆ ಕ್ಷಮಿಸು. ನಾನು ನಿನ್ನಿಂದ ಏಳನೇ ತಲೆಮಾರಿನವಳು, ನಲವತ್ತು ದಾಟಿದವಳು. ನಿನಗಿನ್ನೂ ಐದು ವರ್ಷ, ಆದರೂ ಅಜ್ಜಿ ನೀನೇ. ದೊಡ್ಡವರು ಯಾರಾದರೂ ಇದನ್ನು ಓದಿ ಹೇಳಲಿ.

ನಿನ್ನ ಕೈಗೆ ಈಗಷ್ಟೇ ಬಂದಿರುವ ‘ಕೆರೆ ಬಿಡದ ಕಾಳವ್ವ’ ಎಂಬ ಚಿತ್ರಪುಸ್ತಕ ಇಂದಿಗೂ ನಮ್ಮ ಮನೆಯಲ್ಲಿದೆ. ಕೆರೆಯಿಂದ ಎದ್ದು ಬಾ ಎಂದು ಊರೆಲ್ಲ ಕರೆದರೂ ಏಳದ ಎಮ್ಮೆಯ ಕತೆ ಅದು. ಪಾಪ, ಎಮ್ಮೆ ಒಂಟಿಯಾಗಿದೆ ಎಂದು ನೀನು ಕೆರೆಯ ಪುಟದಲ್ಲಿ ಒಂದು ಮೀನು ಬಿಡಿಸಲಿದ್ದೀಯೆ. ನಿನ್ನ ನಂತರ ನಮ್ಮ ಮನೆತನದ ಪ್ರತಿ ಮಗುವೂ ಐದು ತುಂಬಿದ ದಿನ ಅಲ್ಲೊಂದು ಮೀನು ಬಿಡಿಸಿತು. ಒಟ್ಟು ನಲವತ್ಮೂರು ಮೀನುಗಳಿದ್ದವು. ನನ್ನದಕ್ಕೆ ಮೀಸೆಯಿತ್ತು. ಒಂಬತ್ತು ವರ್ಷಕ್ಕೇ ತೀರಿಕೊಂಡ ನನ್ನಣ್ಣ ಪ್ರಭುವಿನ ಮೀನಿಗೆ ನಾಲ್ಕು ಕಾಲುಗಳಿದ್ದವು. ಅವನ ಕೈಯಿಂದ ಆದದ್ದು ಮನೆಯಲ್ಲಿ ಬೇರೇನೂ ಉಳಿದಿಲ್ಲ.

ಪುಸ್ತಕಕ್ಕೆ ಇನ್ನೂರು ವರ್ಷ ತುಂಬಿತೆಂದು ಊರಲ್ಲಿ ಕಲಾಪ್ರದರ್ಶನ ಇಟ್ಟರು. ಅಚ್ಚಾದ ಪ್ರತಿ ಉಳಿದಿರುವುದು ನಮ್ಮದೊಂದೇ. ಕೇಳಿದರು, ಕೊಟ್ಟೆ. ಮೊದಲ ದಿನವೇ ನನ್ನ ನೆರಳುಬಂಡಿಯಲ್ಲಿ ಮಗಳು ಮುಗಿಲನ್ನು ಕೂರಿಸಿಕೊಂಡು ಹೋದೆ. ನೆರಳುಬಂಡಿಯೆಂದರೆ ಹಗಲಿನ ಬಿಸಿಲಲ್ಲಿ ಜನರನ್ನು ಸಾಗಿಸುವ ಮುಚ್ಚಿದ ಗಾಡಿ, ಅದೇ ನನ್ನ ಹೊಟ್ಟೆಪಾಡು. ಬಾಗಿಲಲ್ಲೇ ಮಗುವನ್ನು ತಡೆದರು. ಮಕ್ಕಳ ಉಸಿರಿನ ತೇವ ಕಾಗದಕ್ಕೆ ಆಗಿಬರುವುದಿಲ್ಲವಂತೆ. ಮಕ್ಕಳ ಪುಸ್ತಕದ ಹಬ್ಬಕ್ಕೆ ಮಕ್ಕಳೇ ಬೇಡ! ಅವಳನ್ನು ಬಂಡಿಯಲ್ಲಿ ಬಿಟ್ಟು ನಾನೊಬ್ಬಳೇ ಒಳಗೆ ಹೋದೆ.

ಒಳಗಿದ್ದುದು ಒಂದೂ ನನಗೆ ಹಿಡಿಸಲಿಲ್ಲ. ಗಾಜಿನ ಎಮ್ಮೆ, ಕೊಂಬಿಗೆ ಚಿನ್ನದ ತಗಡು. ಕೆಸರಿನ ವಾಸನೆಯ ಅತ್ತರನ್ನು ಗೋಡೆಗೋಡೆಗೂ ಸಿಂಪಡಿಸಿದ್ದರು. ಎಮ್ಮೆಯನ್ನು ಕಣ್ಣಾರೆ ಕಂಡಿರದ ದೊಡ್ಡಮನುಷ್ಯರು ತೇವ ಹೊರಬೀಳದಂತೆ ದೊಡ್ಡವರಿಗಷ್ಟೇ ಕೊಟ್ಟ ಉಸಿರುಚೀಲದೊಳಗೆ ಮೂತಿ ತೂರಿಸಿಕೊಂಡು ಜಲ, ಅಸ್ಮಿತೆ ಎಂದು ಏನೇನೋ ಗೊಣಗುತ್ತಿದ್ದರು. ಒಬ್ಬರ ಮುಖದಲ್ಲೂ ನಗುವಿಲ್ಲ. ಕಾಳವ್ವನನ್ನು ನೋಡಿ ನಗದವರು ಅಲ್ಲಿಗೆ ಯಾಕೆ ಬಂದಿದ್ದರೋ ನನಗಂತೂ ತಿಳಿಯಲಿಲ್ಲ.

ನಡುವಿನ ಪೆಟ್ಟಿಗೆಯಲ್ಲಿ ನಮ್ಮ ಪುಸ್ತಕ ಕೆರೆಯ ಪುಟಕ್ಕೆ ತೆರೆದಿತ್ತು. ಕೆರೆ ಖಾಲಿ. ಒಂದು ಮೀನೂ ಇರಲಿಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ನೀರು ತೀರಾ ತುಟ್ಟಿಯಾದ್ದರಿಂದ, ಎರವಲು ತಂದದ್ದನ್ನು ತೊಳೆದು ಹಿಂತಿರುಗಿಸುವುದೇ ಕೊಟ್ಟವರಿಗೆ ಮಾಡುವ ದೊಡ್ಡ ಮರ್ಯಾದೆ. ಆ ಮರ್ಯಾದೆಯನ್ನು ಪುಸ್ತಕಕ್ಕೂ ಮಾಡಿದ್ದರು. ಶುದ್ಧಿಹಬೆಯಲ್ಲಿ, ಅಂದರೆ ಕಲೆ ತೆಗೆಯುವ ಔಷಧದ ಹಬೆಯಲ್ಲಿ, ಮೂರು ದಿನ ಇಟ್ಟಿದ್ದರು. ಪ್ರದರ್ಶನದ ಮುಖ್ಯಸ್ಥ ತೋಂಟೇಶ ಬೀಗುತ್ತ ಬಂದ.

“ಎಷ್ಟು ಗಲೀಜಾಗಿತ್ತು ನೋಡ್ರಿ. ಈಗ ಒಂದು ಕಲಿನೂ ಉಳದಿಲ್ಲ.”

ತೊಳೆದು ಕೊಟ್ಟವರಿಗೆ ಕೈಮುಗಿಯಬೇಕು, ಅದೂ ಪದ್ಧತಿಯೇ. ನಾನು ಮುಗಿದೆ. ಉಪಕಾರವಾಯಿತು ಎಂದೆ. ಗಾಜಿನ ಎಮ್ಮೆಗಿಂತ, ಆ ಅತ್ತರಿಗಿಂತ, ಮುಗಿದ ಈ ಎರಡು ಕೈಗಳ ಮೇಲೆ ನನಗೆ ಹೆಚ್ಚು ಹೇಸಿಗೆ.

ಮೊನ್ನೆ ಪುಸ್ತಕ ಮನೆಗೆ ಬಂತು. ನಿನ್ನೆ ಮುಗಿಲಿಗೆ ಐದು ತುಂಬಿತು. ನನಗೆ ತೆರೆಯಲು ಮನಸ್ಸಾಗಲಿಲ್ಲ, ಅವಳೇ ತೆರೆದಳು. ಮೀನುಗಳೆಲ್ಲಿ ಎಂದು ಕೇಳಿದಳು. ಅವಳು ಪುಟದ ತುಂಬ ಬೆರಳಾಡಿಸಿದಳು, ತುಸು ಹೊತ್ತಿಗೆ ಬೆರಳು ಎಮ್ಮೆಯ ಕಿವಿಯ ಬಳಿ ನಿಂತಿತು.

“ಅವ್ವಾ, ಇಲ್ಲೊಂದೈತಿ.”

ಮುಟ್ಟಿ ನೋಡಿದೆ. ಬಣ್ಣ ಹೋಗಿತ್ತು, ಒತ್ತಿ ಎಳೆದ ಗೀರು ಉಳಿದಿತ್ತು. ದುಂಡನೆಯ ಹೊಟ್ಟೆ, ಮುರುಕು ಬಾಲ. ಎಲ್ಲಕ್ಕಿಂತ ಮೊದಲಿನದು, ನಿನ್ನದು. ಪ್ರಭುವಿನದನ್ನು ಬಹಳ ಹೊತ್ತು ಹುಡುಕಿದೆ, ಸಿಗಲಿಲ್ಲ. ಅವನ ಕೈ ಮೊದಲಿಂದಲೂ ಹಗುರ.

ಮುಗಿಲು ನಿನ್ನ ಮೀನಿನ ಪಕ್ಕದಲ್ಲೇ ತನ್ನದನ್ನು ಬಿಡಿಸಿದಳು. ಪೆನ್ಸಿಲಿನ ಮೊನೆ ಮುರಿಯಿತು, ಅಡಿಯ ಪುಟಕ್ಕೂ ತೂತು ಬಿತ್ತು. ನಾನು ಬೈಯಲಿಲ್ಲ.

ನಿನ್ನಲ್ಲಿ ಕೇಳುವುದು ಇಷ್ಟೇ. ಕಾಗದ ಹರಿದೀತು, ಮೆಲ್ಲಗೆ ಬಿಡಿಸು ಎಂದು ನಿಮ್ಮಪ್ಪ ಪಕ್ಕದಲ್ಲಿ ಕೂತು ಗದರುತ್ತಾರಂತೆ, ಮನೆಯಲ್ಲಿ ಹಾಗೆಂದು ಹೇಳುತ್ತಾ ಬಂದಿದ್ದಾರೆ. ಅವರ ಮಾತು ಕೇಳಬೇಡ ಅಜ್ಜಿ. ಒತ್ತಿ ಬಿಡಿಸು.

ನಿನ್ನ
ಬಸಂತಿ